ಸಂಚಾರ ದಂಡಕ್ಕೂ ಆಷಾಢದ ರಿಯಾಯಿತಿ: ಕಟ್ಟಿದವನಿಗೆ ಪೂರ್ತಿ, ಕಾದವನಿಗೆ ಅರ್ಧ

ಬೆಂಗಳೂರು: ಸೀರೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ ಮಾರಾಟ ರಾಜ್ಯದ ಜನರಿಗೆ ಹೊಸದಲ್ಲ. ಅಗತ್ಯವಿದ್ದರೂ ಒಂದೆರಡು ತಿಂಗಳು ಕಾದು, ಫಲಕ ತೂಗಿದ ಮೇಲೆ ಕೊಳ್ಳುವುದು ಜಾಣತನವೆಂದೇ ಮನೆಗಳಲ್ಲಿ ಪರಿಗಣಿತವಾಗಿದೆ. ಸಂಚಾರ ನಿಯಮ ಉಲ್ಲಂಘನೆಯ ದಂಡಕ್ಕೂ ಈಗ ಇದೇ ಜಾಣತನ ಅನ್ವಯವಾಗತೊಡಗಿರುವುದು ಆತಂಕದ ಬೆಳವಣಿಗೆ.

2023ರ ಫೆಬ್ರವರಿ 2ರಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಬಾಕಿ ಉಳಿದಿರುವ ಇ-ಚಲನ್ ದಂಡವನ್ನು ಫೆಬ್ರವರಿ 11ರೊಳಗೆ ಪಾವತಿಸಿದವರಿಗೆ ಶೇ 50ರಷ್ಟು ರಿಯಾಯಿತಿ ಎಂಬುದು ಅದರ ತಿರುಳು. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಇದರ ಹಿಂದಿತ್ತು. ಹತ್ತು ದಿನಗಳೂ ತುಂಬದ ಆ ಅವಧಿಯಲ್ಲಿ ಬೆಂಗಳೂರು ಒಂದರಲ್ಲಿಯೇ 120 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಸಂಚಾರ ಠಾಣೆಗಳ ಮುಂದೆ, ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರದಲ್ಲಿ, ಬೆಂಗಳೂರು ಒನ್ ಕೇಂದ್ರಗಳಲ್ಲಿ ಜನ ಸಾಲುಗಟ್ಟಿ ನಿಂತರು. ವರ್ಷಗಟ್ಟಲೆ ನೋಟಿಸ್ ಕಳುಹಿಸಿದರೂ ಬಾರದ ಹಣ ತಾನಾಗಿ ಬಂದು ಖಜಾನೆ ಸೇರಿತು.

ಯಶಸ್ಸು ಕಂಡ ಯೋಜನೆ ಒಮ್ಮೆಗೇ ನಿಲ್ಲಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಮತ್ತೆ 15 ದಿನಗಳ ಅವಕಾಶ ದೊರೆಯಿತು. ಜುಲೈನಲ್ಲಿ ಇನ್ನೊಂದು ಆದೇಶ ಹೊರಬಿದ್ದು ಸೆಪ್ಟೆಂಬರ್ 9ರವರೆಗೆ ಗಡುವು ನೀಡಲಾಯಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅರ್ಧ ದರದ ಅವಕಾಶ ಮರಳಿ ಬಂದಾಗ ರಾಜಧಾನಿಯಲ್ಲಿ ಸುಮಾರು 106 ಕೋಟಿ ರೂಪಾಯಿ ಸಂಗ್ರಹವಾಯಿತು. ಅದಾಗಿ ಮೂರು ತಿಂಗಳೂ ಕಳೆಯುವ ಮೊದಲೇ, ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಮತ್ತೊಂದು ಸುತ್ತು ನಡೆಯಿತು.

ಖಜಾನೆಯ ಲೆಕ್ಕದಲ್ಲಿ ಇದು ಲಾಭವೇ. ಆದರೆ ದಂಡವೆಂಬುದು ತೆರಿಗೆಯಲ್ಲ. ಅದರ ಉದ್ದೇಶ ಹಣ ಸಂಗ್ರಹವೂ ಅಲ್ಲ. ಸಿಗ್ನಲ್ ಕೆಂಪಾದಾಗ ಸವಾರ ನಿಲ್ಲಬೇಕು, ಹೆಲ್ಮೆಟ್ ತಲೆಯ ಮೇಲಿರಬೇಕು ಎಂಬುದಷ್ಟೇ ಅದರ ಉದ್ದೇಶ. ಆ ಉದ್ದೇಶ ಈಡೇರುತ್ತಿದೆಯೇ ಎಂಬ ಪ್ರಶ್ನೆಯನ್ನು ಈಗ ಕೇಳಲೇಬೇಕಾಗಿದೆ.

ಇಬ್ಬರು ಸವಾರರ ಲೆಕ್ಕ

ಇಬ್ಬರು ದ್ವಿಚಕ್ರ ವಾಹನ ಸವಾರರನ್ನು ಭಾವಿಸಿಕೊಳ್ಳಬಹುದು. ಇಬ್ಬರೂ ಒಂದೇ ವರ್ಷದಲ್ಲಿ ನಾಲ್ಕು ಬಾರಿ ಹೆಲ್ಮೆಟ್ ಇಲ್ಲದೆ ಕ್ಯಾಮೆರಾ ಕಣ್ಣಿಗೆ ಬಿದ್ದರು. ರಾಜ್ಯದಲ್ಲಿ ಈ ತಪ್ಪಿಗೆ ನಿಗದಿಯಾದ ದಂಡ 500 ರೂಪಾಯಿ. ಮೊದಲನೆಯವನು ಪ್ರತಿ ಬಾರಿ ಸಂದೇಶ ಬಂದ ವಾರದಲ್ಲೇ ಹಣ ಕಟ್ಟಿದ. ಅವನಿಗೆ ತಗುಲಿದ್ದು 2,000 ರೂಪಾಯಿ. ಎರಡನೆಯವನು ಸಂದೇಶಗಳನ್ನು ನೋಡಿಯೂ ನೋಡದಂತಿದ್ದು, ರಿಯಾಯಿತಿ ಘೋಷಣೆಯಾದ ದಿನ ಎಲ್ಲವನ್ನೂ ಒಟ್ಟಿಗೆ ಚುಕ್ತಾ ಮಾಡಿದ. ಅವನಿಗೆ ತಗುಲಿದ್ದು 1,000 ರೂಪಾಯಿ. ಕಾನೂನಿಗೆ ತಕ್ಷಣ ತಲೆಬಾಗಿದವನು ದುಪ್ಪಟ್ಟು ತೆತ್ತ.

ಈ ಲೆಕ್ಕ ಅರ್ಥವಾಗಲು ಯಾವ ಅರ್ಥಶಾಸ್ತ್ರವೂ ಬೇಕಿಲ್ಲ. ಆಟೋ ನಿಲ್ದಾಣಗಳಲ್ಲಿ, ಮನೆಬಾಗಿಲಿಗೆ ಊಟ ತಲುಪಿಸುವ ಯುವಕರ ನಡುವೆ, ಕಚೇರಿಗಳ ವಾಹನ ನಿಲುಗಡೆ ತಾಣಗಳಲ್ಲಿ ಇದು ಯಾವಾಗಲೋ ತಿಳಿದುಹೋಗಿದೆ. ಮುಂದಿನ ರಿಯಾಯಿತಿ ಯಾವಾಗ ಎಂಬ ನಿರೀಕ್ಷೆ ಹುಟ್ಟಿದ ಮೇಲೆ ಪೂರ್ತಿ ದರದಲ್ಲಿ ದಂಡ ಕಟ್ಟುವವನು ಪೆದ್ದನಂತೆ ಕಾಣುತ್ತಾನೆ. ಬಾಕಿ ಬೆಳೆಯುತ್ತದೆ. ಬೆಳೆದ ಬಾಕಿಯನ್ನು ಕರಗಿಸಲು ಮತ್ತೆ ರಿಯಾಯಿತಿ ಬೇಕಾಗುತ್ತದೆ. ಮದ್ದೇ ರೋಗವನ್ನು ಸಾಕುವ ಸ್ಥಿತಿ ಇದು.

ಕಾದು ಕಟ್ಟಿದವರಲ್ಲಿ ಜನಸಾಮಾನ್ಯರಷ್ಟೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯವರ ಅಧಿಕೃತ ಕಾರಿನ ಮೇಲೆ ಏಳು ಉಲ್ಲಂಘನೆಗಳ ದಂಡ ಬಾಕಿ ಇದ್ದುದು ಬೆಳಕಿಗೆ ಬಂತು. ಬಹುತೇಕ ಸೀಟ್ ಬೆಲ್ಟ್ ಧರಿಸದ ಪ್ರಕರಣಗಳು. ರಿಯಾಯಿತಿ ಅವಧಿಯಲ್ಲೇ 2,500 ರೂಪಾಯಿ ಪಾವತಿಸಿ ಅವನ್ನು ಇತ್ಯರ್ಥಪಡಿಸಲಾಯಿತು. ಕ್ಯಾಮೆರಾ ಯಾರನ್ನೂ ಬಿಡುವುದಿಲ್ಲ ಎಂಬ ಸಮಾಧಾನ ಒಂದೆಡೆ. ಅಧಿಕಾರದ ಕೇಂದ್ರದಲ್ಲೂ ದಂಡ ಕಟ್ಟುವುದು ತುರ್ತಿನ ಕೆಲಸವಲ್ಲ ಎಂಬ ಪಾಠ ಇನ್ನೊಂದೆಡೆ.

ದಂಡ ಏರಿದ್ದು, ಇಳಿದದ್ದು

ಈ ಸ್ಥಿತಿಗೆ ಬೇರು 2019ರಲ್ಲಿದೆ. 1988ರ ಮೋಟಾರು ವಾಹನಗಳ ಕಾಯ್ದೆಗೆ ಸಂಸತ್ತು ತಂದ ತಿದ್ದುಪಡಿಯ ದಂಡ ಪ್ರಸ್ತಾವಗಳು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಹೆಲ್ಮೆಟ್ ಇಲ್ಲದ ಸವಾರಿಗೆ 1,000 ರೂಪಾಯಿ ದಂಡದ ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿ ಅನರ್ಹತೆ, ಸೀಟ್ ಬೆಲ್ಟ್ ಇಲ್ಲದಿದ್ದರೆ 1,000 ರೂಪಾಯಿ, ಕುಡಿದು ಚಾಲನೆಗೆ ಮೊದಲ ಬಾರಿ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು. ಗುಜರಾತ್ ಮೊದಲು ಹಿಂದೆ ಸರಿಯಿತು. ಕರ್ನಾಟಕವೂ ಸೆಪ್ಟೆಂಬರ್ 21ರಂದು ಹಲವು ದಂಡಗಳನ್ನು ತಗ್ಗಿಸಿತು. ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ದಂಡ 500 ರೂಪಾಯಿಗೆ ಇಳಿದದ್ದು ಆಗ.

ರಾಜ್ಯಗಳು ಹೀಗೆ ತಗ್ಗಿಸಲು ಸಾಧ್ಯವಾದದ್ದು ಕಾಯ್ದೆಯ 200ನೇ ಕಲಂ ಮೂಲಕ. ನ್ಯಾಯಾಲಯದ ಮೆಟ್ಟಿಲು ಹತ್ತದೆ ಪೊಲೀಸರ ಹಂತದಲ್ಲೇ ದಂಡ ಕಟ್ಟಿ ಪ್ರಕರಣ ಮುಗಿಸಿಕೊಳ್ಳುವುದಕ್ಕೆ ಆ ಕಲಂ ಅವಕಾಶ ನೀಡುತ್ತದೆ. ಯಾವ ತಪ್ಪಿಗೆ ಎಷ್ಟು ರಾಜಿ ಮೊತ್ತ, ಅದನ್ನು ಪಡೆಯುವ ಅಧಿಕಾರಿ ಯಾರು ಎಂಬುದನ್ನು ರಾಜ್ಯ ನಿಗದಿಪಡಿಸುತ್ತದೆ. ಅಂದರೆ ರಾಜ್ಯದಲ್ಲಿ 500 ರೂಪಾಯಿ ಎಂಬುದೇ ಒಂದು ರಿಯಾಯಿತಿ ದರ. ಅದರ ಮೇಲೆ ಶೇ 50ರ ಕಡಿತ ಬಂದರೆ ಸಂಸತ್ತು ಸಾವಿರ ರೂಪಾಯಿ ಎಂದು ಬರೆದ ತಪ್ಪು 250 ರೂಪಾಯಿಗೆ ಮುಗಿಯುತ್ತದೆ.

ದಂಡದ ಮೊತ್ತ ಹೆಚ್ಚಿದರಷ್ಟೇ ಶಿಸ್ತು ಬರುತ್ತದೆ ಎಂದು ಇದರ ಅರ್ಥವಲ್ಲ. ದಿನಗೂಲಿಯವನಿಗೆ 500 ರೂಪಾಯಿಯೂ ದೊಡ್ಡದೇ. ಆದರೆ ಮೊತ್ತ ಎಷ್ಟೇ ಇರಲಿ, ತಪ್ಪು ಮಾಡಿದರೆ ತಪ್ಪದೆ, ಬೇಗನೆ ಕಟ್ಟಬೇಕಾಗುತ್ತದೆ ಎಂಬ ಖಾತ್ರಿ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಖಾತ್ರಿಯೇ ಇಲ್ಲದಿರುವಾಗ ಹತ್ತು ಸಾವಿರವೂ ಕಾಗದದ ಹುಲಿ.

ಕ್ಯಾಮೆರಾ ಓಡುತ್ತದೆ, ನೋಟಿಸ್ ತೆವಳುತ್ತದೆ

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಬುದ್ಧಿವಂತ ಸಂಚಾರ ನಿರ್ವಹಣಾ ವ್ಯವಸ್ಥೆ ಉದ್ಘಾಟನೆಯಾಯಿತು. ವಾಹನದ ಸಂಖ್ಯಾಫಲಕ ಓದುವ 250 ಕ್ಯಾಮೆರಾಗಳು, ಸಿಗ್ನಲ್ ಉಲ್ಲಂಘನೆ ಗುರುತಿಸುವ 80 ಕ್ಯಾಮೆರಾಗಳು ಮನುಷ್ಯರ ನೆರವಿಲ್ಲದೆ ಪ್ರಕರಣ ದಾಖಲಿಸತೊಡಗಿದವು. ರಸ್ತೆಯಲ್ಲಿ ಕೈ ಅಡ್ಡ ಹಿಡಿಯುವ ಪೊಲೀಸ್ ಸಿಬ್ಬಂದಿಯ ಅಗತ್ಯ ಕಡಿಮೆಯಾಗುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದೇ.

ಎಷ್ಟು ಒಳ್ಳೆಯದೆಂಬುದಕ್ಕೆ 2025ರ ಮೇ ತಿಂಗಳಿನ ಮಂಡ್ಯದ ಘಟನೆ ಸಾಕ್ಷಿ. ಹೆಲ್ಮೆಟ್ ತಪಾಸಣೆಗಾಗಿ ಪೊಲೀಸರು ಬೈಕ್ ತಡೆಯಲು ಮುಂದಾದಾಗ, ಆಸ್ಪತ್ರೆಗೆ ಹೊರಟಿದ್ದ ದಂಪತಿಯ ಪುಟ್ಟ ಮಗಳು ರಸ್ತೆಗೆ ಬಿದ್ದು ಪ್ರಾಣ ಕಳೆದುಕೊಂಡಳು. ಸಂಬಂಧಪಟ್ಟ ಸಿಬ್ಬಂದಿ ಅಮಾನತಾದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ಪರಿಶೀಲನೆಗೆಂದು ವಾಹನ ತಡೆಯಬಾರದು, ಕೀ ಕಿತ್ತುಕೊಳ್ಳಬಾರದು ಎಂಬ ಸೂಚನೆ ರಾಜ್ಯ ಪೊಲೀಸ್ ಮುಖ್ಯಸ್ಥರಿಂದ ಹೊರಬಿತ್ತು. ಐನೂರು ರೂಪಾಯಿಯ ದಂಡಕ್ಕಾಗಿ ಜೀವ ಹೋಗುವ ಪರಿಸ್ಥಿತಿಗಿಂತ ಕ್ಯಾಮೆರಾ ಸಾವಿರ ಪಾಲು ಮೇಲು.

ಆದರೆ ಕ್ಯಾಮೆರಾ ತೆಗೆದ ಚಿತ್ರ ಮಾಲೀಕನ ಕೈಗೆ ತಲುಪುವ ದಾರಿ ಮಾತ್ರ ಕಲ್ಲುಮುಳ್ಳಿನದ್ದು. 2021ರ ಆಗಸ್ಟ್ 11ರಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ವಿದ್ಯುನ್ಮಾನ ನಿಗಾ ವ್ಯವಸ್ಥೆಗೆ ನಿಯಮ ರೂಪಿಸಿತು. ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು. ತಪ್ಪು ಮತ್ತು ಸಂಖ್ಯಾಫಲಕ ಸ್ಪಷ್ಟವಾಗಿ ಕಾಣುವ ಚಿತ್ರ, ದಿನಾಂಕ, ಸಮಯ, ಸ್ಥಳ, ಉಲ್ಲಂಘಿಸಿದ ಕಲಂ ಎಲ್ಲವೂ ಅದರಲ್ಲಿರಬೇಕು. ಕ್ಯಾಮೆರಾ ಇರುವ ಬಗ್ಗೆ ರಸ್ತೆಯಲ್ಲಿ ಎಚ್ಚರಿಕೆ ಫಲಕ ಹಾಕಬೇಕು ಎಂಬುದು ಆ ನಿಯಮದ ಆಶಯ. ದೇಶದ 132 ನಗರಗಳ ಪಟ್ಟಿಯಲ್ಲಿ ರಾಜ್ಯದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ ಸೇರಿದ್ದವು.

ವಾಸ್ತವದಲ್ಲಿ ಬಹಳಷ್ಟು ಮಾಲೀಕರಿಗೆ ತಮ್ಮ ವಾಹನದ ಮೇಲೆ ದಂಡ ಇರುವುದು ತಿಳಿಯುವುದೇ ರಿಯಾಯಿತಿ ಸುದ್ದಿ ಓದಿ ಪರಿಶೀಲಿಸಿದಾಗ. ಇದಕ್ಕೆ ಪೊಲೀಸರಷ್ಟೇ ಕಾರಣರಲ್ಲ. ನೋಂದಣಿ ಪತ್ರದಲ್ಲಿ ಹತ್ತು ವರ್ಷ ಹಿಂದಿನ ಬಾಡಿಗೆ ಮನೆಯ ವಿಳಾಸ ಇರುತ್ತದೆ. ವಾಹನ ಕೊಳ್ಳುವಾಗ ಮಾರಾಟ ಮಳಿಗೆಯವರು ಬರೆಸಿದ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ. ಕೈ ಬದಲಾದ ಹಳೆಯ ಬೈಕ್ ಮೊದಲ ಮಾಲೀಕನ ಹೆಸರಿನಲ್ಲೇ ಓಡುತ್ತಿರುತ್ತದೆ. ನೋಟಿಸ್ ಯಾರದೋ ಮನೆಗೆ ಹೋಗುತ್ತದೆ, ತಪ್ಪು ಮಾಡಿದವನು ನಿಶ್ಚಿಂತೆಯಿಂದ ಓಡಾಡುತ್ತಾನೆ. 2024ರ ಆರಂಭದಲ್ಲಿ 50 ಸಾವಿರ ರೂಪಾಯಿಗಿಂತ ಹೆಚ್ಚು ಬಾಕಿ ಉಳಿಸಿಕೊಂಡವರ ಮನೆ ಬಾಗಿಲಿಗೇ ಬೆಂಗಳೂರು ಸಂಚಾರ ಪೊಲೀಸರು ಹೋಗಬೇಕಾಗಿ ಬಂದದ್ದು ಈ ವೈಫಲ್ಯದ ಫಲ. ನೂರಾರು ಬಾರಿ ತಪ್ಪು ಮಾಡುವವರೆಗೂ ಸವಾರನನ್ನು ಯಾರೂ ತಡೆಯದಿದ್ದರೆ ಕ್ಯಾಮೆರಾ ಬರಿಯ ಲೆಕ್ಕ ಬರೆಯುವ ಗುಮಾಸ್ತನಾಗಿ ಉಳಿಯುತ್ತದೆ.

ತಪ್ಪೇ ಮಾಡದವನ ಪಾಡು

ರಿಯಾಯಿತಿಯಿಂದ ಹೆಚ್ಚು ಅನ್ಯಾಯವಾಗುವುದು ಪ್ರಾಮಾಣಿಕವಾಗಿ ದಂಡ ಕಟ್ಟಿದವನಿಗಲ್ಲ, ತಪ್ಪೇ ಮಾಡದೆ ನೋಟಿಸ್ ಪಡೆದವನಿಗೆ. ಸಂಖ್ಯಾಫಲಕದ ಒಂದು ಅಂಕಿಯನ್ನು ಕ್ಯಾಮೆರಾ ತಪ್ಪಾಗಿ ಓದಿದ್ದು, ಬೇರೊಬ್ಬನ ಸಂಖ್ಯೆಯನ್ನು ತನ್ನ ವಾಹನಕ್ಕೆ ಅಂಟಿಸಿಕೊಂಡು ಓಡಾಡುವ ಕಿಡಿಗೇಡಿ, ಮಾರಿದ ಮೇಲೂ ಹೆಸರು ಬದಲಾಗದ ವಾಹನ ಹೀಗೆ ಕಾರಣಗಳು ಹಲವು.

ಇಂಥವನ ಮುಂದೆ ಎರಡು ದಾರಿಗಳಿವೆ. ಚಿತ್ರ ಪರಿಶೀಲಿಸಿ, ದಾಖಲೆ ಹಿಡಿದು, ಠಾಣೆಗೆ ಅಲೆದು, ಬೇಕಾದರೆ ನ್ಯಾಯಾಲಯದಲ್ಲಿ ವಾದಿಸಿ ತನ್ನ ತಪ್ಪಿಲ್ಲವೆಂದು ಸಾಧಿಸುವುದು ಒಂದು. 250 ರೂಪಾಯಿ ಕಟ್ಟಿ ಕೈತೊಳೆದುಕೊಳ್ಳುವುದು ಇನ್ನೊಂದು. ಅರ್ಧ ದಿನದ ದುಡಿಮೆ ಬಿಟ್ಟರೆ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವ ಚಾಲಕ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ಹೇಳಬೇಕಿಲ್ಲ. ಹೀಗೆ ನಿರಪರಾಧಿಯ ಹಣವೂ ರಿಯಾಯಿತಿಯ ಯಶಸ್ಸಿನ ಅಂಕಿಯಲ್ಲಿ ಸೇರಿಹೋಗುತ್ತದೆ. ದೋಷಪೂರಿತ ನೋಟಿಸ್‌ಗಳು ಎಷ್ಟು ಎಂಬ ಪ್ರಶ್ನೆಯೇ ಏಳುವುದಿಲ್ಲ, ವ್ಯವಸ್ಥೆ ತಿದ್ದಿಕೊಳ್ಳುವ ಪ್ರಮೇಯವೂ ಬರುವುದಿಲ್ಲ.

ದಂಡ ಕಟ್ಟುವುದಷ್ಟೇ ಇತ್ಯರ್ಥವಲ್ಲ ಎಂಬುದನ್ನು ಓದುಗರು ಅರಿಯಬೇಕು. ತಪ್ಪಿದ್ದರೆ ಕಟ್ಟುವುದು, ಇಲ್ಲದಿದ್ದರೆ ಪ್ರಶ್ನಿಸುವುದು ಎರಡೂ ನಾಗರಿಕನ ಹಕ್ಕಿನ ವ್ಯಾಪ್ತಿಯಲ್ಲೇ ಬರುತ್ತವೆ.

ಪಾವತಿ ಹೇಗೆ, ಪ್ರಶ್ನೆ ಹೇಗೆ?

ಮೊದಲನೆಯದು, ಪರಿಶೀಲನೆ. ಬೆಂಗಳೂರು ಸಂಚಾರ ಪೊಲೀಸರ ಅಧಿಕೃತ ಜಾಲತಾಣ, ರಾಜ್ಯ ಪೊಲೀಸ್ ಆ್ಯಪ್, ಕೇಂದ್ರದ ಪರಿವಾಹನ್ ಇ-ಚಲನ್ ತಾಣಗಳಲ್ಲಿ ವಾಹನದ ನೋಂದಣಿ ಸಂಖ್ಯೆ ನಮೂದಿಸಿ ಬಾಕಿ ಪ್ರಕರಣಗಳನ್ನು ನೋಡಬಹುದು. ಅಂತರ್ಜಾಲದ ರಗಳೆ ಬೇಡವೆನ್ನುವವರು ಹತ್ತಿರದ ಸಂಚಾರ ಠಾಣೆಗೆ ಅಥವಾ ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಬಹುದು. ಪಟ್ಟಿ ಕಂಡ ಕೂಡಲೇ ಹಣ ಕಟ್ಟುವ ಆತುರ ಬೇಡ. ಪ್ರತಿ ಪ್ರಕರಣದ ದಿನಾಂಕ, ಸ್ಥಳ ಮತ್ತು ಚಿತ್ರವನ್ನು ನೋಡಬೇಕು. ಚಿತ್ರದಲ್ಲಿರುವ ವಾಹನದ ಬಣ್ಣ, ಮಾದರಿ ತನ್ನದೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಎರಡನೆಯದು, ಪಾವತಿ. ತಪ್ಪು ತನ್ನದೇ ಎಂದಾದರೆ ಮೇಲಿನ ಯಾವುದೇ ಮಾರ್ಗದಲ್ಲಿ ಹಣ ಕಟ್ಟಿ ರಸೀದಿ ಪಡೆದಿಟ್ಟುಕೊಳ್ಳಬೇಕು. ಕೆಲ ದಿನ ಬಿಟ್ಟು ಅದೇ ತಾಣದಲ್ಲಿ ಬಾಕಿ ಅಳಿದಿದೆಯೇ ಎಂದು ಮತ್ತೆ ನೋಡುವುದು ಒಳಿತು. ರಸ್ತೆಯಲ್ಲಿ ಸ್ಥಳದಲ್ಲೇ ದಂಡ ಕಟ್ಟುವಾಗಲೂ ಯಂತ್ರದ ರಸೀದಿ ಇಲ್ಲದೆ ಹಣ ಕೊಡಕೂಡದು. ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲ್‌ನಲ್ಲಿ ತೋರಿಸಿದರೆ ಸಾಕು, ಅದಕ್ಕೆ ನಿಯಮದ ಮಾನ್ಯತೆ ಇದೆ.

ಮೂರನೆಯದು, ಆಕ್ಷೇಪ. ವಾಹನ ತನ್ನದಲ್ಲವೆಂದು ಚಿತ್ರದಲ್ಲೇ ಕಂಡುಬಂದರೆ ನೋಂದಣಿ ಪತ್ರದ ಪ್ರತಿ, ತನ್ನ ವಾಹನದ ಚಿತ್ರ ಮತ್ತು ನೋಟಿಸ್ ಸಹಿತ ಲಿಖಿತ ಮನವಿಯನ್ನು ಪ್ರಕರಣ ದಾಖಲಿಸಿದ ಠಾಣೆಗೆ ಸಲ್ಲಿಸಬೇಕು, ಸ್ವೀಕೃತಿ ಪಡೆಯಬೇಕು. ತನ್ನ ಸಂಖ್ಯೆಯನ್ನು ಇನ್ನೊಬ್ಬ ಬಳಸುತ್ತಿರುವ ಅನುಮಾನವಿದ್ದರೆ ಅದನ್ನು ಪ್ರತ್ಯೇಕ ದೂರಾಗಿ ಕೊಡುವುದು ಅಗತ್ಯ. ನಾಳೆ ಆ ವಾಹನ ಅಪಘಾತದಲ್ಲೋ ಅಪರಾಧದಲ್ಲೋ ಸಿಕ್ಕಿಬಿದ್ದರೆ ಇವತ್ತಿನ ಸ್ವೀಕೃತಿ ಪತ್ರವೇ ರಕ್ಷಣೆ. ಇಂಥ ಪ್ರಕರಣದಲ್ಲಿ ಅರ್ಧ ದರಕ್ಕೆ ಆಸೆಪಟ್ಟು ಹಣ ಕಟ್ಟಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ.

ವಾಹನ ತನ್ನದೇ, ಆದರೆ ಚಾಲಕ ತಾನಲ್ಲ ಎಂಬ ಪರಿಸ್ಥಿತಿ ಟ್ಯಾಕ್ಸಿ, ಸರಕು ವಾಹನಗಳ ಮಾಲೀಕರಿಗೆ ಸಾಮಾನ್ಯ. ಚಾಲಕನ ಹೆಸರು, ವಿಳಾಸ, ಪರವಾನಗಿ ವಿವರ ನೀಡುವ ಹೊಣೆಯನ್ನು ಕಾಯ್ದೆಯ 133ನೇ ಕಲಂ ಮಾಲೀಕನ ಮೇಲೆ ಹೊರಿಸಿದೆ. ವಾಹನ ಮಗನ ಕೈಯಲ್ಲಿದ್ದು ಅವನಿಗೆ 18 ತುಂಬಿರದಿದ್ದರೆ ವಿಷಯ ಐನೂರರಲ್ಲಿ ಮುಗಿಯುವುದಿಲ್ಲ. 199ಎ ಕಲಂ ಪ್ರಕಾರ ಪೋಷಕ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ನಾಲ್ಕನೆಯದು, ನ್ಯಾಯಾಲಯ. ಕುಡಿದು ಚಾಲನೆಯಂಥ ಪ್ರಕರಣಗಳು ಠಾಣೆಯಲ್ಲಿ ರಾಜಿಯಾಗುವಂಥವಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಉಳಿದ ಪ್ರಕರಣಗಳಲ್ಲೂ ದಂಡ ಕಟ್ಟದಿದ್ದರೆ, ಆಕ್ಷೇಪ ತಿರಸ್ಕೃತವಾದರೆ ವಿಷಯ ನ್ಯಾಯಾಲಯ ಮುಟ್ಟಬಹುದು. ಸಮನ್ಸ್ ಬಂದ ಮೇಲೆ ಗೈರಾಗುವುದು ಅಪಾಯಕಾರಿ. ಲೋಕ ಅದಾಲತ್‌ನಲ್ಲಿ ಇತ್ಯರ್ಥಪಡಿಸಿಕೊಳ್ಳುವುದೂ ಒಂದು ದಾರಿ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅದಾಲತ್ ತೀರ್ಮಾನವೇ ಅಂತಿಮ, ಮೇಲ್ಮನವಿ ಇಲ್ಲ. ಆದ್ದರಿಂದ ತಪ್ಪು ಒಪ್ಪುವವರಿಗಷ್ಟೇ ಅದು ತಕ್ಕ ವೇದಿಕೆ.

ಗಡುವಿನ ವಿಚಾರದಲ್ಲೂ ಎಚ್ಚರ ಬೇಕು. ಇ-ಚಲನ್ ಕಟ್ಟುವುದಕ್ಕೆ ಅಥವಾ ಪ್ರಶ್ನಿಸುವುದಕ್ಕೆ 45 ದಿನಗಳ ಮಿತಿ, ಮೀರಿದರೆ ಒಪ್ಪಿಕೊಂಡಂತೆ ಎಂಬ ಪ್ರಸ್ತಾವವನ್ನು ಕೇಂದ್ರ ಸಚಿವಾಲಯ 2025ರ ಅಕ್ಟೋಬರ್‌ನ ಕರಡಿನಲ್ಲೇ ಮುಂದಿಟ್ಟಿತ್ತು. ದೆಹಲಿ ಯಾವ ದಿಕ್ಕಿನಲ್ಲಿ ಸಾಗುತ್ತಿದೆ ಎಂಬುದು ಇದರಿಂದ ಸ್ಪಷ್ಟ. ಮೌನವಾಗಿ ಕಾಯುವ ಜಾಣತನ ಬಹುಕಾಲ ನಡೆಯದು.

ಕೊನೆಯದಾಗಿ ವಂಚಕರ ಕಾಟ. ದಂಡ ಬಾಕಿ ಇದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶದ ಜೊತೆಗಿರುವ ಎಪಿಕೆ ಕಡತ ತೆರೆದು ಬ್ಯಾಂಕ್ ಖಾತೆ ಖಾಲಿ ಮಾಡಿಕೊಂಡವರಿದ್ದಾರೆ. ದಂಡ ಕಟ್ಟಲು ಯಾವ ಕಡತವನ್ನೂ ಅಳವಡಿಸಿಕೊಳ್ಳಬೇಕಿಲ್ಲ. ಸಂದೇಶದ ಕೊಂಡಿ ಒತ್ತದೆ, ಅಧಿಕೃತ ಸರ್ಕಾರಿ ತಾಣಕ್ಕೆ ತಾವಾಗಿ ಹೋಗಿ ನೋಡುವುದೊಂದೇ ಸುರಕ್ಷಿತ.

ಸರ್ಕಾರದ ವಾದದಲ್ಲೂ ಹುರುಳಿದೆ

ರಿಯಾಯಿತಿಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ. ಲಕ್ಷಗಟ್ಟಲೆ ಸಣ್ಣ ಪ್ರಕರಣಗಳನ್ನು ಒಂದೊಂದಾಗಿ ನ್ಯಾಯಾಲಯಕ್ಕೆ ಒಯ್ದರೆ ಉಳಿದ ವ್ಯಾಜ್ಯಗಳ ಗತಿ ಏನು? ಬರುವ ಸಾಧ್ಯತೆಯೇ ಇಲ್ಲದ ಹಣದ ಅರ್ಧವಾದರೂ ಬಂದರೆ ತಪ್ಪೇನು? ಕೋವಿಡ್ ಕಾಲದ ಹೊಡೆತದಿಂದ ಚೇತರಿಸಿಕೊಳ್ಳದ ಆಟೋ, ಟ್ಯಾಕ್ಸಿ ಚಾಲಕರಿಗೆ ಒಮ್ಮೆ ಹೊರೆ ಇಳಿಸುವುದು ಮಾನವೀಯವಲ್ಲವೇ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. 2023ರ ಫೆಬ್ರವರಿಯ ಸರದಿ ಸಾಲುಗಳು ಇನ್ನೊಂದು ಸತ್ಯವನ್ನೂ ಹೇಳಿದವು. ಬಾಕಿ ಎಷ್ಟೆಂದು ತಿಳಿದು, ಕಟ್ಟುವ ದಾರಿ ಸುಲಭವಾದರೆ ಜನ ಕಟ್ಟುತ್ತಾರೆ.

ಆದರೆ ಒಮ್ಮೆ ನೀಡುವ ಮಾಫಿಗೂ ಮತ್ತೆ ಮತ್ತೆ ನೀಡುವ ಮಾಫಿಗೂ ಅಜಗಜಾಂತರ. ಮೊದಲನೆಯದು ಹಳೆಯ ಲೆಕ್ಕ ಮುಗಿಸುತ್ತದೆ. ಎರಡನೆಯದು ಹೊಸ ಬಾಕಿಗೆ ಆಹ್ವಾನ ನೀಡುತ್ತದೆ. ಗಡುವುಗಳು ರಾಷ್ಟ್ರೀಯ ಲೋಕ ಅದಾಲತ್ ದಿನಾಂಕಗಳ ಆಸುಪಾಸಿನಲ್ಲೇ ಬೀಳುತ್ತಿರುವುದರಿಂದ ಮುಂದಿನ ಸುತ್ತನ್ನು ಊಹಿಸುವುದೂ ಕಷ್ಟವಲ್ಲ.

ರಿಯಾಯಿತಿ ತಿರುಗಿ ನಿಲ್ಲಲಿ

ಬ್ರಿಟನ್‌ನಲ್ಲಿ ಸ್ಥಳೀಯ ಆಡಳಿತಗಳು ವಾಹನ ನಿಲುಗಡೆ ಉಲ್ಲಂಘನೆಗೆ ನೀಡುವ ನೋಟಿಸ್‌ನಲ್ಲೂ ಅರ್ಧ ದರದ ರಿಯಾಯಿತಿ ಇದೆ. ಆದರೆ ಅದು 14 ದಿನಗಳೊಳಗೆ ಕಟ್ಟಿದವನಿಗೆ. ತಡಮಾಡಿದವನು ಪೂರ್ತಿ ಕಟ್ಟಬೇಕು, ಇನ್ನೂ ತಡಮಾಡಿದರೆ ಹೆಚ್ಚೇ ಕಟ್ಟಬೇಕು. ಅಲ್ಲಿರುವುದೂ ಅದೇ ಶೇ 50, ಇಲ್ಲಿರುವುದೂ ಅದೇ ಶೇ 50. ದಿಕ್ಕು ಮಾತ್ರ ತಿರುವುಮುರುವು. ಅಲ್ಲಿ ಬೇಗ ಕಟ್ಟುವುದು ಜಾಣತನ, ಇಲ್ಲಿ ಕಾಯುವುದು ಜಾಣತನ.

ರಾಜಿ ಮೊತ್ತ ನಿಗದಿಪಡಿಸುವ ಅಧಿಕಾರ ರಾಜ್ಯಕ್ಕೇ ಇರುವಾಗ ಇಂಥದ್ದೊಂದು ಕ್ರಮವನ್ನು ಇಲ್ಲಿಯೂ ಯೋಚಿಸಬಹುದು. ನೋಟಿಸ್ ತಲುಪಿದ ಇಂತಿಷ್ಟು ದಿನಗಳಲ್ಲಿ ಕಟ್ಟಿದರೆ ಕಡಿತ, ಆಮೇಲೆ ಪೂರ್ತಿ ಮೊತ್ತ, ನಂತರ ನ್ಯಾಯಾಲಯ ಎಂಬ ಮೂರು ಮೆಟ್ಟಿಲು ಸ್ಪಷ್ಟವಾದರೆ ಹಬ್ಬದ ಮಾರಾಟದಂಥ ಘೋಷಣೆಗಳು ಬೇಕಾಗುವುದಿಲ್ಲ. ಜೊತೆಗೆ ಎರಡು ಕೆಲಸಗಳು ಅನಿವಾರ್ಯ. ಹದಿನೈದು ದಿನಗಳೊಳಗೆ ಚಿತ್ರಸಹಿತ ನೋಟಿಸ್ ತಲುಪದಿದ್ದರೆ ಆ ಪ್ರಕರಣವನ್ನು ಸರ್ಕಾರವೇ ಕೈಬಿಡುವ ಧೈರ್ಯ ತೋರಬೇಕು. ಆಕ್ಷೇಪ ಸಲ್ಲಿಸಿದವನಿಗೆ ಠಾಣೆಗೆ ಅಲೆಯದೆ, ನಿಗದಿತ ದಿನಗಳೊಳಗೆ ಲಿಖಿತ ಉತ್ತರ ಸಿಗಬೇಕು.

ಸವಾರರ ಹೊಣೆಯೂ ಸಣ್ಣದಲ್ಲ. ನೋಂದಣಿ ದಾಖಲೆಯಲ್ಲಿ ಮೊಬೈಲ್ ಸಂಖ್ಯೆ, ವಿಳಾಸ ಸರಿಪಡಿಸಿಕೊಳ್ಳುವುದು ಕೆಲ ನಿಮಿಷಗಳ ಕೆಲಸ. ವಾಹನ ಮಾರಿದವನು ರಾಜ್ಯದೊಳಗಾದರೆ 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದು ಕಾಯ್ದೆಯ 50ನೇ ಕಲಂ ಹೇಳುತ್ತದೆ. ಕೊಳ್ಳುವ ಮುನ್ನ ಬಾಕಿ ದಂಡ ಪರಿಶೀಲಿಸಿಕೊಂಡರೆ ಇನ್ನೊಬ್ಬನ ಪಾಪ ಹೊರುವುದು ತಪ್ಪುತ್ತದೆ. ಕಾನೂನು ಜಾರಿ ಮಾಡುವವರಿಗೂ ಕಾಯ್ದೆಯಲ್ಲಿ ಒಂದು ಪಾಠವಿದೆ. ಜಾರಿ ಅಧಿಕಾರ ಹೊಂದಿರುವವರೇ ತಪ್ಪು ಮಾಡಿದರೆ ದುಪ್ಪಟ್ಟು ದಂಡ ಎನ್ನುತ್ತದೆ 210ಬಿ ಕಲಂ.

ಕೇಂದ್ರ ಸಚಿವಾಲಯದ ಅಂಕಿಅಂಶದಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಆ ಪೈಕಿ 11 ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು. ಐನೂರು ರೂಪಾಯಿಯ ದಂಡ ಇರುವುದು ಈ ಸಂಖ್ಯೆಯನ್ನು ತಗ್ಗಿಸುವುದಕ್ಕೆ. ಕೆಂಪು ದೀಪ ದಾಟಿದವನಿಗೆ ಎದುರಿನಿಂದ ಬರುವ ಲಾರಿ ಅರ್ಧ ರಿಯಾಯಿತಿ ಕೊಡುವುದಿಲ್ಲ. ದಂಡದ ನೋಟಿಸ್ ಆ ಮಾತನ್ನು ಸವಾರನಿಗೆ ಮುಂಚಿತವಾಗಿ, ಸಕಾಲಕ್ಕೆ ಮುಟ್ಟಿಸಬೇಕು. ಎರಡು ವರ್ಷ ಬಿಟ್ಟು ಅರ್ಧ ಬೆಲೆಗೆ ಮುಟ್ಟಿಸಿದರೆ ಅದು ಎಚ್ಚರಿಕೆಯಾಗದು, ಬರಿಯ ವಸೂಲಿಯಾಗುತ್ತದೆ.